ಹೆತ್ತೆ ಹೇಳಿಕೊಟ್ಟ ಮಾತು

ನಿನ್ನೆ ಸಂಜೆ ಸೊಸೆ ಒಲೆಯ ಕೆಂಡದಲ್ಲಿ ಆಲೂಗಡ್ಡೆ ಸುಟ್ಟಳು. ಸಿಪ್ಪೆ ಕಪ್ಪಾಗುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮನಸ್ಸು ಲವ್‌ಡೇಲಿನ ಈ ಅಡುಗೆಮನೆ ಬಿಟ್ಟು, ನಾವು ಮೊದಲಿದ್ದ ಬೆಟ್ಟದ ಹಳ್ಳಿ ಹುಬ್ಬತಲೈಗೆ ಹೋಯಿತು. ಹೊಲದ ಬದುವಿನಲ್ಲಿ ನಾನು, ತೊಡೆಯ ಮೇಲೆ ಮಗು, ಎದುರಿಗೆ ಹೆತ್ತೆ...

ಹೆತ್ತೆ ಎಂದರೆ ಬಡಗರ ಮಾತಿನಲ್ಲಿ ಅಜ್ಜಿ. ನಮಗೇನೂ ನೆಂಟಳಲ್ಲ. ಅವಳ ಆಲೂಗಡ್ಡೆ ಹೊಲಕ್ಕೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಇತ್ತು, ಅಷ್ಟೇ ಸಂಬಂಧ. ಊಟಿಗೆ ರೈಲು ಬಂದ ಹೊಸತು. ನನ್ನ ಯಜಮಾನರು ಹುಬ್ಬತಲೈಯ ಟೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಕು ಹರಿಯುವ ಮೊದಲೇ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು.

ನಾನು ಗುಂಡ್ಲುಪೇಟೆ ಕಡೆಯ ಹೆಣ್ಣು. ಹುಟ್ಟಾ ಬಾಯಾಳಿ. ತವರಿನಲ್ಲಿ ನನ್ನ ಮಾತೆಂದರೆ ಅರಳು ಹುರಿದ ಹಾಗೆ. ಆದರೆ ಬೆಟ್ಟಕ್ಕೆ ಬಂದ ಹೊಸದರಲ್ಲಿ ನೀರಿನ ಹತ್ತಿರ ನಾನು "ವೋಗ್ಬುಟ್ಟು ಬತ್ತೀನಿ" ಅಂದದ್ದನ್ನು ಬಡಗರ ಹಟ್ಟಿಯ ಹುಡುಗಿಯರು ಅಣಕಿಸಿ ಬಿದ್ದು ಬಿದ್ದು ನಕ್ಕರು. ಅವರದು ಕುಚೋದ್ಯ, ಕೆಡುಕಲ್ಲ. ನನಗೆ ಮಾತ್ರ ಅದು ನಾಟಿಬಿಟ್ಟಿತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಮಗು ಹುಟ್ಟಿದ ಮೇಲೂ ಬೀಗ ತೆಗೆಯಲಿಲ್ಲ. ಹಾಲು ಕುಡಿಸುತ್ತಿದ್ದೆ, ಎಣ್ಣೆ ನೀರು ಹಾಕುತ್ತಿದ್ದೆ, ಕಂಬಳಿ ಸುತ್ತಿ ಮಲಗಿಸುತ್ತಿದ್ದೆ, ಎಲ್ಲವನ್ನೂ ಬಾಯಿ ಮುಚ್ಚಿಕೊಂಡೇ ಮಾಡುತ್ತಿದ್ದೆ. ಮಾತು ಬಾರದ ಕೂಸಿನ ಹತ್ತಿರ ಏನಂತ ಮಾತಾಡುವುದು ಅನ್ನುವ ಬುದ್ಧಿ ನನ್ನದು.

ಎರಡು ವರ್ಷ ತುಂಬಿದರೂ ಮಗ "ಅವ್ವ" ಅನ್ನಲಿಲ್ಲ. ಯಜಮಾನರ ಅಕ್ಕ, ನನ್ನ ಅತ್ತಿಗೆ, ಬೆಟ್ಟದ ಕೆಳಗಿನ ಊರಿಂದ ಬಂದು ನೋಡಿದವರು ಎದೆ ಮೇಲೆ ಕೈ ಇಟ್ಟುಕೊಂಡರು.

"ಈ ಚಳೀಗೆ ಕೂಸಿನ ನಾಲ್ಗೆ ಮರಗಟ್ಟೋಗದೆ ಕಣವ್ವ. ಉಗಾದಿ ಹೊತ್ಗೆ ಬತ್ತೀನಿ. ಆಗ್ಲೂ ಮಾತಾಡ್ನಿಲ್ಲ ಅಂದ್ರೆ ನಾನೇ ಕರ್ಕೊಂಡೋಗಿ ಸಾಕ್ತೀನಿ."

ಅವರಿಗೆ ಮಕ್ಕಳಿರಲಿಲ್ಲ. ಯಜಮಾನರು ಅಕ್ಕನ ಮಾತು ಮೀರುವವರಲ್ಲ. ಮಗ ಕೈ ಬಿಟ್ಟು ಹೋಗುತ್ತಾನೆ ಎಂದು ನನಗೆ ಅನ್ನ ಸೇರದಾಯಿತು.

ಆ ದಿನಗಳಲ್ಲೇ ಹೆತ್ತೆ ಬೇಲಿಯ ಹತ್ತಿರ ಬಂದಾಗಲೆಲ್ಲ ಮಗುವನ್ನು ನೋಡಿ "ಕೂಸುಗ ಹೇಗು" ಅನ್ನುತ್ತಿದ್ದಳು. ಮಗು ಹೇಗಿದೆ ಎಂದು ಕೇಳುತ್ತಿದ್ದಾಳೆ, ಪಾಪ, ಎಂಥ ಒಳ್ಳೆಯ ಹೆಂಗಸು ಅಂದುಕೊಂಡು "ಚೆನ್ನಾಗವ್ನೆ" ಅನ್ನುತ್ತಿದ್ದೆ. ಅವಳು ತಲೆ ಕೊಡವಿ ಮತ್ತೆ "ಹೇಗು, ಹೇಗು" ಅನ್ನುವಳು. ನಾನು ಮತ್ತೆ "ಚೆನ್ನಾಗವ್ನೆ." ಹೀಗೇ ಎಷ್ಟೋ ದಿನ ನಡೆಯಿತು. ಕೊನೆಗೊಂದು ದಿನ ಅವಳಿಗೆ ರೇಗಿಹೋಯಿತು. ಕೈಗುದ್ದಲಿ ಕೆಳಗಿಟ್ಟು ಬೇಲಿ ದಾಟಿ ಬಂದು ಮಣ್ಣಿನ ಬೆರಳನ್ನು ನನ್ನ ತುಟಿಗೆ ಒತ್ತಿದಳು. ಆಮೇಲೆ ಅದೇ ಬೆರಳನ್ನು ಮಗುವಿನ ಕಿವಿಗೆ ಮುಟ್ಟಿಸಿದಳು.

"ನೀ ಹೇಗದೆ ಕೂಸು ಎಂಗೆ ಹೇಗುವದು?"

ಆಗ ತಿಳಿಯಿತು. ಅವರಲ್ಲಿ ಹೇಗು ಎಂದರೆ ಹೇಳು. ನೀನು ಹೇಳದೆ ಕೂಸು ಹೇಗೆ ಹೇಳೀತು ಎಂದು ಅವಳ ಪ್ರಶ್ನೆ. ಇಷ್ಟು ದಿನ ಅವಳು ಕ್ಷೇಮ ಕೇಳಿರಲಿಲ್ಲ, ಮಗುವಿಗೆ ಮಾತು ಹೇಳು ಎಂದು ನನ್ನನ್ನು ಗದರುತ್ತಿದ್ದಳು. ನಾನು ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ.

ಅವತ್ತಿನಿಂದ ಮಗುವನ್ನೆತ್ತಿಕೊಂಡು ಅವಳ ಹೊಲಕ್ಕೆ ಹೋಗುವುದು ರೂಢಿಯಾಯಿತು. ಹೆತ್ತೆ ಗೆಡ್ಡೆ ಕೀಳುತ್ತ ಕೂಸಿನ ಜೊತೆ ದೊಡ್ಡವರೊಡನೆ ಮಾತಾಡಿದಂತೆ ಮಾತಾಡುತ್ತಿದ್ದಳು. ಇದು ದೊಡ್ಡದು, ಇದು ಹುಳ ತಿಂದದ್ದು, ಎಮ್ಮೆ ಯಾಕೆ ಕೂಗಿತು... ಕೇಳಿ ಸುಮ್ಮನಾಗಿ ಅವನ ಮುಖವನ್ನೇ ನೋಡುವಳು. ಅವನು "ಊಂ" ಅಂದರೆ ಸಾಕು, ಪಂಚಾಯ್ತಿ ಯಜಮಾನನ ಮಾತು ಕೇಳಿದವಳಂತೆ ತಲೆದೂಗುವಳು. ನಾನೋ, ಬೀಗ ಕಿತ್ತ ಬಾಯಿ, ಒಂದೇ ಸಮನೆ ಸುರಿಸುತ್ತಿದ್ದೆ. ಆಗಲೂ ನನಗೇ ಬೈಗುಳ.

"ಕೂಸುಗ ಎಡೆ ಬುಡು."

ನೀನೊಬ್ಬಳೇ ಮಾತಾಡಬೇಡ, ಅವನಿಗೂ ಜಾಗ ಬಿಡು ಅಂತ. ಹೇಳುವುದು ನನಗೆ ಬೇಗ ಬಂತು. ಕಾಯುವುದನ್ನು ಕಲಿಯಲು ಚಳಿಗಾಲವೆಲ್ಲ ಹಿಡಿಯಿತು.

ಉಗಾದಿ ಹತ್ತಿರವಾಯಿತು. ಮಗ ಬೆರಳು ತೋರಿಸುತ್ತಿದ್ದ, ನಗುತ್ತಿದ್ದ, ಮಾತು ಮಾತ್ರ ಇಲ್ಲ. ಅತ್ತಿಗೆ ಬಂದೇಬಿಟ್ಟರು. ಚಾಪೆಯ ಮೇಲೆ ಕೂತು ನೀರು ಕುಡಿದು, ಮಗುವಿನ ಬಟ್ಟೆ ಗಂಟು ಕಟ್ಟು ಅಂದರು. ನಾನು ಕಂಬ ಹಿಡಿದು ನಿಂತಿದ್ದೆ. ಮಗ ಅವರನ್ನು ಸ್ವಲ್ಪ ಹೊತ್ತು ನೋಡಿದ. ಹತ್ತಿರ ಹೋಗಿ ಸೆರಗು ಜಗ್ಗಿದ. ಅವರ ಮುಖವನ್ನೇ ನೋಡುತ್ತ "ಹೇಗು" ಅಂದ.

ಅತ್ತಿಗೆಯ ಕೈಯಿಂದ ಚೊಂಬು ಜಾರಿತು.

"ಚೆಂದಾಗಿವ್ನಿ ಕಣಪ್ಪ! ಕೇಳ್ದೇನವ್ವ, ಕೂಸು ನನ್ ಯೋಗಕ್ಷೇಮ ಇಚಾರಿಸ್ತು!"

ಅವನು ಕ್ಷೇಮ ವಿಚಾರಿಸಿರಲಿಲ್ಲ, ಏನಾದರೂ ಹೇಳು ಎಂದು ಹಟ ಮಾಡಿದ್ದ. ನಾನು ತಿದ್ದಲು ಹೋಗಲಿಲ್ಲ. ಅತ್ತಿಗೆ ಹಬ್ಬ ಮುಗಿಸಿಕೊಂಡು ಒಬ್ಬರೇ ಬೆಟ್ಟ ಇಳಿದುಹೋದರು. ಹೆತ್ತೆಗೆ ಇದನ್ನು ಹೇಳಿದಾಗ ಬೋಳುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು, ನನ್ನ ಕೆನ್ನೆ ಸವರಿದಳು, ಮತ್ತೆ ಗುದ್ದಲಿ ಹಿಡಿದಳು.

ಆಮೇಲೆ ನಾವು ಲವ್‌ಡೇಲಿಗೆ ಬಂದೆವು. ಹೆತ್ತೆ ತೀರಿಹೋದ ಸುದ್ದಿ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು... ನನ್ನ ತಾಯಿ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಈಗ ಮಗ ಇಲ್ಲೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಾನೆ. ತಮಿಳು, ಬಡಗ, ಕನ್ನಡ ಮೂರರಲ್ಲೂ ಅವನಿಗೆ ಬಾಯಿ. ರೈಲು ಹೊರಟರೂ ಅವನ ಮಾತು ಮುಗಿಯುವುದಿಲ್ಲ ಎಂದು ಸೊಸೆ ದೂರುತ್ತಾಳೆ. ನಿನ್ನೆ ಅವನು ಕೆಲಸದಿಂದ ಬಂದಾಗ, ಹೆತ್ತೆಯ ನೆನಪಿದೆಯೇನೋ ಎಂದು ಕೇಳಿದೆ.

"ಯಾವ ಹೆತ್ತೆ ಅವ್ವ?"

ಅವನ ತಪ್ಪೇನಿಲ್ಲ. ಅಷ್ಟು ಎಳೆಯ ವಯಸ್ಸಿನದು ಯಾರಿಗೆ ನೆನಪಿರುತ್ತದೆ? ಹೊಲದ ಆ ಬೆಳಗುಗಳೆಲ್ಲ ಅವನ ನಾಲಗೆಗೆ ಇಳಿದಿವೆ, ನೆನಪಿನಲ್ಲಿ ಒಂದೂ ಉಳಿದಿಲ್ಲ. ಅವನಿಗೆ ಮಾತು ಕೊಟ್ಟವಳ ಮುಖ ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ, ನನಗೂ ವಯಸ್ಸಾಯಿತು.