ಹೆಣ್ಣಿನ ಕಡೆಯವರು

ನಾನು ಒಂದು ಕಾಲದಲ್ಲಿ ಓಡುತ್ತಿದ್ದೆ. ಈಗ ಹೀಗೆಂದರೆ ನನ್ನ ಮಕ್ಕಳು ನನ್ನ ಮೊಣಕಾಲಿಗೆ ಸುತ್ತಿದ ಪಟ್ಟಿಯನ್ನು ನೋಡಿ ನಗುತ್ತಾರೆ. ನಗಲಿ. ಹದಿನೇಳನೆಯ ವಯಸ್ಸಿನಲ್ಲಿ, ನಾವಿದ್ದ ಫ್ರೀಮಾಂಟ್ ಊರಿನ ಹಿಂದಿನ ಬೆಟ್ಟದ ದಾರಿಯಲ್ಲಿ ನಾನು ಮೂರು ಮೈಲಿ ಓಡಿದರೆ ಬೆನ್ನ ಹಿಂದಿನ ಶೂಗಳ ಸದ್ದು ಒಂದೊಂದಾಗಿ ನಿಂತುಹೋಗಿ, ಕಡೆಗೆ ನನ್ನದೊಂದೇ ಉಳಿಯುತ್ತಿತ್ತು. ಆಮೇಲೆ ಬದುಕಿನಲ್ಲಿ ಕೆಲಸ, ಮನೆ, ಗಂಡ, ಮಕ್ಕಳು ಎಲ್ಲ ಬಂದರು. ಯಾವುದಕ್ಕೂ ಕೊರತೆಯಿಲ್ಲ. ಆದರೂ ಬೆಳಿಗ್ಗೆ ಎದ್ದ ತಕ್ಷಣ ಒಂದೊಂದು ದಿನ ಆ ಸದ್ದು ಬೇಕು ಅನ್ನಿಸುತ್ತದೆ.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಸಾಂತಾ ಕ್ಲಾರಾದ ಒಂದು ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ನಾನು ಮೈಸೂರಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿ, ಅಮ್ಮನ ಜೊತೆ ಕಡಲಾಚೆಯ ಈ ದೇಶಕ್ಕೆ ಬಂದೆ. ಒಬ್ಬಳೇ ಮಗಳು. ಇಲ್ಲಿಯ ಶಾಲೆಯಲ್ಲಿ ಆಟದ ಪೀರಿಯಡ್ಡಿನಲ್ಲಿ ಎಲ್ಲರನ್ನೂ ಮೈದಾನ ಸುತ್ತಿ ಬರಲು ಹೇಳಿದರು. ನಾನು ಬಂದು ನಿಂತಾಗ ಮೇಷ್ಟರು ತಮ್ಮ ಗಡಿಯಾರ ಕೆಟ್ಟಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದರು. ಮಾರನೆಯ ವಾರ ನನ್ನನ್ನು ತಂಡಕ್ಕೆ ಸೇರಿಸಿಕೊಂಡರು. ಕಾಲು ಕಾಣುವ ಚಡ್ಡಿ ಬೇಡ ಎಂದಿದ್ದ ಅಮ್ಮ ಅದನ್ನು ಒಂದು ತಿಂಗಳು ಒಗೆಯಲಿಲ್ಲ. ಮುಟ್ಟಲಿಲ್ಲ ಅಂದರೂ ಸರಿಯೇ.

ಅಪ್ಪ ಬೇರೆ ಥರದವನು. ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಊರಿನಲ್ಲಿ ಒಂದು ಪಂದ್ಯವಿತ್ತು. ಊರೆಲ್ಲ ಬೆಳ್ಳುಳ್ಳಿ ವಾಸನೆ. ಇಸ್ತ್ರಿ ಮಾಡಿದ ಪ್ಯಾಂಟು, ಆಫೀಸಿನ ಬೂಟು ಹಾಕಿಕೊಂಡು ಕೈಯಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಧೂಳಿನಲ್ಲಿ ನನ್ನ ಪಕ್ಕಕ್ಕೇ ಓಡಿ ಬಂದ. "ಬಿಡಬೇಡ ಕಣೇ! ಬಿಡಬೇಡ!" ಎಂದು ಕೂಗುತ್ತಿದ್ದ. ಆ ಇಡೀ ಬಯಲಿನಲ್ಲಿ ಕನ್ನಡ ಬರುತ್ತಿದ್ದದ್ದು ನಮಗಿಬ್ಬರಿಗೇ. ಅವತ್ತು ನಾನು ಗೆದ್ದೆ. ಅಪ್ಪ ನನಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದ.

ಆ ಪಂದ್ಯವನ್ನು ಒಬ್ಬ ಹೆಂಗಸು ನೋಡಿದ್ದಳು. ಕಾರಿನಲ್ಲಿ ಉತ್ತರಕ್ಕೆ ಒಂದು ದಿನದ ದಾರಿಯಲ್ಲಿದ್ದ ಕಾಲೇಜೊಂದರ ಓಟದ ಕೋಚ್ ಆಕೆ. ಈ ದೇಶದಲ್ಲಿ ಹಾಗೆಯೇ: ಚೆನ್ನಾಗಿ ಆಡುವ ಮಕ್ಕಳನ್ನು ಕಾಲೇಜುಗಳೇ ಹುಡುಕಿಕೊಂಡು ಬರುತ್ತವೆ, ಪತ್ರ ಬರೆಯುತ್ತವೆ, ಬೇಕೆನಿಸಿದರೆ ಓದಿನ ಖರ್ಚನ್ನೂ ತಾವೇ ವಹಿಸಿಕೊಳ್ಳುತ್ತವೆ. ಆಕೆಯ ಪತ್ರದ ಜೊತೆ ಒಂದು ಫೋಟೋ ಇತ್ತು. ಕಾಡಿನ ನಡುವೆ ಮರದ ಹೊಟ್ಟು ಹಾಸಿದ ಮೆತ್ತನೆಯ ದಾರಿ, ಅದರಲ್ಲಿ ಏಳು ಹುಡುಗಿಯರು ಒಟ್ಟಿಗೆ ಓಡುತ್ತಿದ್ದರು. ನನ್ನ ಶಾಲೆಯಲ್ಲಿ ನಾನು ಯಾವಾಗಲೂ ಒಬ್ಬಳೇ ಮುಂದೆ ಓಡುತ್ತಿದ್ದೆ, ಊಟಕ್ಕೆ ಒಬ್ಬಳೇ ಕೂರುತ್ತಿದ್ದೆ. ಆ ಏಳು ಜನರ ನಡುವೆ ಎಂಟನೆಯವಳಾಗಬೇಕು ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಫೋಟೋವನ್ನು ರಸಾಯನಶಾಸ್ತ್ರದ ಪುಸ್ತಕದಲ್ಲಿಟ್ಟುಕೊಂಡು ಓದುವಂತೆ ನಟಿಸುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಆದರೆ ಆಸೆಪಟ್ಟರಷ್ಟೇ ಸಾಲದು, ಅರ್ಹತೆ ಬೇಕಿತ್ತು. ಆಗಷ್ಟೇ ಹೊಸ ನಿಯಮ ಬಂದಿತ್ತು. ಒಂಬತ್ತನೆಯ ತರಗತಿಯಿಂದ ಮುಂದಕ್ಕೆ ಇಂಗ್ಲಿಷು, ಗಣಿತ, ವಿಜ್ಞಾನಗಳಲ್ಲಿ ಇಷ್ಟಾದರೂ ದರ್ಜೆ ಇರಬೇಕು, ಇಲ್ಲದಿದ್ದರೆ ಕಾಲೇಜಿನ ಮೊದಲ ವರ್ಷ ಓಡುವಂತಿಲ್ಲ. ಒಂಬತ್ತನೆಯ ತರಗತಿ ಎಂದರೆ ನನ್ನ ಮೈಸೂರಿನ ಅಂಕಪಟ್ಟಿ. ಮಕ್ಕಳ ಓದಿನ ದಾಖಲೆ ನೋಡಿಕೊಳ್ಳುವ ಶಾಲೆಯ ಕೌನ್ಸಿಲರ್ ಅದನ್ನು ನೋಡಿ, ಗಣಿತದಲ್ಲಿ ಅರವತ್ತೆರಡು ಎಂದಿದ್ದನ್ನು 'ಡಿ' ಎಂದು ಬರೆದುಕೊಂಡಳು. ವಿಜ್ಞಾನದ ಅರವತ್ತೊಂದೂ 'ಡಿ', ಅಂದರೆ ಬರೀ ಪಾಸು. ಮೈಸೂರಿನಲ್ಲಿ ಅದು ಫಸ್ಟ್ ಕ್ಲಾಸು. ಆ ಅಂಕ ಬಂದ ದಿನ ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಮೈಸೂರ್ ಪಾಕ್ ಹಂಚಿದ್ದಳು.

ಅಪ್ಪ ಕೆರಳಿದ. "ನಮ್ ಫಸ್ಟ್ ಕ್ಲಾಸಿಗೆ ಇವರು ಡಿ ಕೊಡ್ತಾರಾ? ನೋಡೇ ಬಿಡ್ತೀನಿ," ಅಂದ. ಆಫೀಸಿನಿಂದ ಟೈಪ್‌ರೈಟರ್ ತಂದು ಊಟದ ಮೇಜಿನ ಮೇಲಿಟ್ಟು, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಧಾಟಿಯ ಇಂಗ್ಲಿಷಿನಲ್ಲಿ ಪತ್ರದ ಮೇಲೆ ಪತ್ರ ಹೊಡೆದ. ಮೈಸೂರಿನ ನನ್ನ ಹೆಡ್‌ಮಿಸ್ಟ್ರೆಸ್ಸಿಗೆ ಬರೆದ. ಉತ್ತರ ಬರದಿದ್ದಾಗ ತನ್ನ ತಮ್ಮನನ್ನು ಶಾಲೆಗೆ ಅಟ್ಟಿದ. ಎರಡು ತಿಂಗಳ ಮೇಲೆ ನೇರಳೆ ಬಣ್ಣದ ದುಂಡು ಸೀಲು ಬಿದ್ದ ಕಾಗದ ಬಂತು: ನಮ್ಮಲ್ಲಿ ಅರವತ್ತರ ಮೇಲಿನದು ಪ್ರಥಮ ದರ್ಜೆ, ಈಕೆ ತರಗತಿಗೆ ನಾಲ್ಕನೆಯವಳು. ಅಪ್ಪ ಅರ್ಧ ದಿನ ರಜೆ ಹಾಕಿ, ಟೈ ಕಟ್ಟಿಕೊಂಡು ಶಾಲೆಗೆ ಬಂದು ಅದನ್ನು ಕೌನ್ಸಿಲರ ಮುಂದಿಟ್ಟ. ಆಕೆ ಎಲ್ಲಿಗೋ ಕಳಿಸಿದಳು, ಯಾರೋ ಒಪ್ಪಿದರು. ನನ್ನ ಡಿಗಳು ಬಿ ಆದವು. ಅಪ್ಪ ಅಷ್ಟು ಎತ್ತರವಾಗಿ ಕಂಡದ್ದು ಅದೇ ಮೊದಲು.

ಇನ್ನು ಉಳಿದದ್ದು ಕೋಚ್ ಮನೆಗೆ ಬಂದು ಮಾತಾಡುವುದು. ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದು ಆಕೆ ಫೋನ್ ಮಾಡಿದಳು. ಹುಡುಗಿಯನ್ನು ನೋಡಲು ಪರಊರಿನಿಂದ ಮನೆಗೆ ಬರುತ್ತಾರೆ ಎಂದ ಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಕ್ರಮ ಗೊತ್ತಿತ್ತು. ಅಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ಸೋಫಾಕ್ಕೆ ಹೊಸ ಹೊದಿಕೆ ಬಂತು. ಸೀರೆ ಉಡು ಎಂದಳು, ನಾನು ಜಗಳವಾಡಿ ಚೂಡಿದಾರದಲ್ಲಿ ಪಾರಾದೆ. ಆದರೆ ಕಾಫಿ ತಟ್ಟೆಯನ್ನು ನಾನೇ ತರಬೇಕಾಯಿತು.

ಕೋಚ್ ಉದ್ದಕ್ಕೆ ಇದ್ದಳು, ಮುಖದ ತುಂಬ ಕಂದು ಚುಕ್ಕೆ. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಳು. ಅಪ್ಪ ನನ್ನ ಒಂದನೆಯ ತರಗತಿಯಿಂದ ಎಲ್ಲ ಅಂಕಪಟ್ಟಿ ತೋರಿಸಿದ, ಆಕೆ ಒಂದೊಂದನ್ನೂ ನೋಡಿದಳು. ಅಲ್ಲಿಯ ಓದು, ಹಾಸ್ಟೆಲಿನ ಊಟ, ಹುಡುಗಿಯರ ಸುರಕ್ಷತೆ, ಎಲ್ಲ ವಿವರಿಸಿದಳು. ಹೊರಡುವಾಗ ಅಮ್ಮ ಕುಂಕುಮ ಕೊಟ್ಟು, ತೆಂಗಿನಕಾಯಿ, ರವಿಕೆ ಕಣ ಕೊಟ್ಟಳು. ಆಕೆ ಬೆರಗಾಗಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದಳು: ನಾನು ಹೇಳುವುದನ್ನೆಲ್ಲ ಹೇಳಿದ್ದೇನೆ. ಮನೆಯವರೆಲ್ಲ ಕೂತು ಯೋಚನೆ ಮಾಡಿ, ನಾನು ಒತ್ತಾಯ ಮಾಡುವವಳಲ್ಲ. ನಿಮ್ಮಿಂದ ಸುದ್ದಿ ಬರುವುದನ್ನು ಕಾಯುತ್ತಿರುತ್ತೇನೆ.

"ಆಗಲಿ, ಬಹಳ ಸಂತೋಷ," ಎಂದು ಅಪ್ಪ ಕೈ ಮುಗಿದ.

ಕಾರು ತಿರುಗುವುದಕ್ಕಿಲ್ಲ, ಅಮ್ಮ ಶುರು ಮಾಡಿದಳು. "ಬರಿಗೈಲಿ ಬಂದ್ಲಲ್ರೀ! ಒಂದು ಹಣ್ಣಾದ್ರೂ ತರಬಾರದಾ?"

"ಅಮ್ಮಾ, ಅವ್ರು ಏನೂ ಕೊಡೋ ಹಾಗಿಲ್ಲ, ರೂಲ್ಸು ಅದು. ಒಂದು ಟೀ ಶರ್ಟ್ ಕೊಟ್ರೂ ನಂಗೆ ಓಡಕ್ಕೆ ಬಿಡಲ್ಲ," ಅಂದೆ.

"ಅದೆಂಥ ರೂಲ್ಸೋ! ಇಷ್ಟ ಆದವರು ಮುಖದಲ್ಲೇ ಹೇಳ್ಬಿಡ್ತಾರೆ. ಇವಳು ಯೋಚ್ನೆ ಮಾಡಿ ಅಂತಾಳೆ."

"ಊರಿಗೆ ಹೋಗಿ ತಿಳಿಸ್ತಾರೆ ಬಿಡೇ," ಅಂದ ಅಪ್ಪ. "ನೋಡೋಕೆ ಬಂದವರು ಅವರು. ಹೇಳೋದೂ ಅವರೇ."

ಅಲ್ಲಿಂದ ಕಾಯುವುದು ಶುರುವಾಯಿತು. ನೋಡಲು ಬಂದವರು ತಿಳಿಸುವವರೆಗೆ ಹೆಣ್ಣಿನ ಕಡೆಯವರು ಸುಮ್ಮನಿರಬೇಕು. ತಾವಾಗಿ ವಿಚಾರಿಸಿದರೆ ಹೆಣ್ಣಿನ ಬೆಲೆ ಇಳಿಯುತ್ತದೆ. ಇದನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಮೊದಲ ವಾರ ಕಳೆದಾಗ ನಾನು, "ನಾವೇ ಒಂದು ಫೋನ್ ಮಾಡೋಣ್ವಾ ಅಪ್ಪ?" ಎಂದು ಕೇಳಿದೆ.

"ಬೇಡ ಮಗಳೇ. ಮೇಲೆ ಬಿದ್ದ ಹಾಗಾಗುತ್ತೆ. ನಿನ್ನ ಓಟ ನೋಡಿದ್ದಾಳೆ, ಮಾರ್ಕ್ಸು ನೋಡಿದ್ದಾಳೆ. ಬೇಕಾದ್ರೆ ತಾನೇ ಮಾಡ್ತಾಳೆ."

ಇಲ್ಲಿ ನಾನು ನಿಜ ಹೇಳಬೇಕು. ಆ ಹೊತ್ತಿಗೆ ನನ್ನ ಇಂಗ್ಲಿಷು ಅವರಿಬ್ಬರಿಗಿಂತ ಚೆನ್ನಾಗಿತ್ತು. ತಂಡದ ಹುಡುಗಿಯರ ಮನೆಗಳಲ್ಲಿ ಹೇಗೆ ನಡೆಯುತ್ತದೆಂದು ಕೇಳಿಯೂ ಇದ್ದೆ. ಬಾಗಿಲಲ್ಲಿ ಆಕೆ ಆಡಿದ ಮಾತು ಬರಿಯ ಸೌಜನ್ಯವಲ್ಲ, ಅವಳು ನಮ್ಮ ಉತ್ತರಕ್ಕೆ ಕಾಯುತ್ತಿರಬಹುದು ಎಂದು ನನಗೆ ಅನುಮಾನವಿತ್ತು. ಫೋನ್ ನಂಬರ್ ಬಾಯಿಪಾಠವಾಗಿತ್ತು. ಶಾಲೆಯಿಂದ ಬಂದು, ಅಮ್ಮ ಗ್ರೋಸರಿಗೆ ಹೋಗಿದ್ದಾಗ, ಅಡುಗೆಮನೆಯ ಗೋಡೆಯ ಫೋನ್ ಕೈಗೆತ್ತಿಕೊಂಡು ನಿಂತಿರುತ್ತಿದ್ದೆ. ಮಾಡಲಿಲ್ಲ. ಅಪ್ಪನ ಮಾತು ಮೀರಬಾರದೆಂದಲ್ಲ, ಚಡ್ಡಿಯ ವಿಷಯದಲ್ಲಿ ಅಮ್ಮನ ಮಾತು ಮೀರಿದವಳೇ ನಾನು. ನನಗೂ ಅವಳೇ ಕರೆಯಲಿ ಎಂದು ಇತ್ತು. ನೀನು ಬೇಕು, ಬಾ, ಎಂದು ಒಂದು ಸಲ ಯಾರಾದರೂ ನನ್ನನ್ನು ಕರೆಯಲಿ ಎಂದು ಜೀವ ಬಾಯಿಬಿಡುತ್ತಿತ್ತು. ಹದಿನೇಳು ವರ್ಷ ಹೆಣ್ಣಿನ ಕಡೆಯವಳಾಗಿ ಬೆಳೆದಿದ್ದೆನಲ್ಲ.

ದಿನಾ ಸಂಜೆ ಅಪ್ಪ ಫ್ರೀವೇ ದಾಟಿ ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ ಕೇಳುತ್ತಿದ್ದ. "ಫೋನ್ ಬಂತಾ?"

"ಇಲ್ಲ ಅಪ್ಪ."

ನಾಲ್ಕನೆಯ ವಾರ ಕೋಚಿನ ಪತ್ರ ಬಂತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಒಂದೇ ಪುಟ, ಕೈಬರಹ. ನಿನ್ನ ಫೋನಿಗಾಗಿ ದಿನವೂ ಕಾದೆ, ಎಂದು ಬರೆದಿದ್ದಳು. ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಜಾಗವನ್ನು ಹಿಡಿದಿಟ್ಟಿದ್ದೆ. ನೀವು ಏನೂ ತಿಳಿಸಲಿಲ್ಲವಾದ್ದರಿಂದ ನಿಮಗೆ ಮನಸ್ಸಿಲ್ಲ ಎಂದುಕೊಂಡು ಈಗ ಇನ್ನೊಬ್ಬ ಹುಡುಗಿಗೆ ಕೊಟ್ಟಿದ್ದೇನೆ. ನಿನ್ನಂಥ ಓಟಗಾರ್ತಿಯನ್ನು ನೋಡಿದ್ದು ಕಡಿಮೆ. ನಿಮ್ಮ ತಾಯಿಗೆ ನನ್ನ ಧನ್ಯವಾದ ತಿಳಿಸು, ಆ ಬಟ್ಟೆಯನ್ನು ಆಫೀಸಿನ ಗೋಡೆಗೆ ಹಾಕಿದ್ದೇನೆ.

ಮೂರು ಸಲ ಓದಿದೆ. ಆಮೇಲೆ ಶೂ ಹಾಕಿಕೊಂಡು ಬೆಟ್ಟಕ್ಕೆ ಓಡಿದೆ. ಎಷ್ಟು ದೂರವೋ ಗೊತ್ತಿಲ್ಲ. ಮೇಲಿನಿಂದ ಇಡೀ ಕೊಲ್ಲಿ ಕಾಣುತ್ತಿತ್ತು, ಉಪ್ಪಿನ ಮಡಿಗಳು, ಆಚೆಯ ದಡದಲ್ಲಿ ಅಪ್ಪನ ಆಫೀಸಿರುವ ದಿಕ್ಕು. ಅಲ್ಲಿ ಕೂತು ಗಟ್ಟಿಯಾಗಿ ಅತ್ತೆ, ಅಪ್ಪನನ್ನು ಬೈದೆ, ನನ್ನನ್ನೂ ಬೈದುಕೊಂಡೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಬೂಟಿನ ಲೇಸು ಬಿಚ್ಚುತ್ತಿದ್ದ. ತಲೆಯೆತ್ತಿ, "ಫೋನ್ ಬಂತಾ?" ಅಂದ.

ಪತ್ರ ನನ್ನ ಜೇಬಿನಲ್ಲಿತ್ತು. ಹೇಳಬೇಕೆಂದೇ ಬಂದಿದ್ದೆ. ನಿನ್ನ ಮರ್ಯಾದೆಯಿಂದ ನನ್ನ ಬಾಳು ಹಾಳಾಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆದರೆ ಎರಡು ಡಿಗಳಿಗಾಗಿ ಎರಡು ತಿಂಗಳು ಟೈಪ್‌ರೈಟರ್ ಕುಟ್ಟಿದ ಮನುಷ್ಯ ಆತ. ಒಂದು ಫೋನ್ ಮಾಡಿದ್ದರೆ ಸಾಕಿತ್ತು ಎಂದು ಅವನಿಗೆ ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ ಅಪ್ಪ," ಅಂದೆ.

ಮಾರನೆಯ ದಿನವೂ ಕೇಳಿದ. ಅದರ ಮಾರನೆಯ ದಿನವೂ. ಜೂನ್‌ನಲ್ಲಿ ಶಾಲೆ ಮುಗಿಯುವವರೆಗೂ ಕೇಳಿದ, ನಾನು ಇಲ್ಲ ಅನ್ನುತ್ತಲೇ ಇದ್ದೆ. ಆಮೇಲೆ ಕೇಳುವುದನ್ನು ಬಿಟ್ಟ. ನಾನು ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುವ ಕಾಲೇಜಿಗೆ ಸೇರಿದೆ. ಅಲ್ಲಿ ಓಟದ ತಂಡವೇ ಇರಲಿಲ್ಲ. ಒಂದಷ್ಟು ದಿನ ಒಬ್ಬಳೇ ಓಡಿದೆ, ಆಮೇಲೆ ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ.

ಅಪ್ಪ ಆ ಕೋಚನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹೋದ ವರ್ಷ ತೀರಿಕೊಂಡ. ಅದಕ್ಕೆ ಕೆಲವು ತಿಂಗಳ ಮುಂಚೆ ನಾವಿಬ್ಬರೂ ಕೂತು ಟಿ.ವಿ.ಯಲ್ಲಿ ಹುಡುಗಿಯರ ಓಟ ನೋಡುತ್ತಿದ್ದೆವು. ಅವನು ನನ್ನ ಕೈ ಹಿಡಿದುಕೊಂಡ. "ಮನೆಗೆ ಬಂದು, ಉಪ್ಪಿಟ್ಟು ತಿಂದು, ನಿನ್ನಂಥವಳನ್ನ ಬೇಡ ಅಂದ್ಬಿಟ್ಲಲ್ಲ," ಅಂದ. "ಒಂದು ಫೋನ್ ಮಾಡೋಕೆ ಏನಾಗಿತ್ತಮ್ಮ ಅವಳಿಗೆ?"

"ಹೋಗ್ಲಿ ಬಿಡಪ್ಪ," ಅಂದೆ. "ನಾನು ಅಷ್ಟೇನೂ ಚೆನ್ನಾಗಿ ಓಡ್ತಿರ್ಲಿಲ್ಲ."