ಅಕ್ಕ ಓದಿ ಹೇಳಿದ ನಂಬರು

ಎರಡು ವರ್ಷದ ಹಿಂದೆ, ಒಂದು ಗುರುವಾರ ಸಂಜೆಯ ಅಸರ್ ನಮಾಜಿನ ನಂತರ, ರಿಯಾದಿನ ಮಲಾಜ್ ಬಡಾವಣೆಯಲ್ಲಿ ವೀಸಾ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ನಿಂತಿದ್ದೆ. ಉಮ್ಮನನ್ನು, ನನ್ನ ತಾಯಿಯನ್ನು, ಕರೆಸಿಕೊಳ್ಳಬೇಕಿತ್ತು. ಅವರ ಪಾಸ್‌ಪೋರ್ಟ್ ನಂಬರನ್ನು ಊರಿನಿಂದ ಅಕ್ಕ ಫೋನಿನಲ್ಲಿ ಓದುತ್ತಿದ್ದಳು; ಸ್ಪೀಕರ್ ಹಾಕಿದ್ದೆ.

ನನ್ನ ಅರ್ಜಿ ತುಂಬುತ್ತಿದ್ದ ಅಂಗಡಿಯವರು, ನಮ್ಮ ಕಡೆಯ ಉಪ್ಪಳ ಊರಿನವರು, ತಲೆಯೆತ್ತಿ, "ಅಕ್ಕನದ್ದೂ ಹಾಕುವ ಮಾರಾಯ್ರೆ, ಒಡಹುಟ್ಟಿದವರಿಗೂ ಸಿಗ್ತದಲ್ಲ" ಎಂದರು.

ಮದೀನಾ ನೋಡಬೇಕೆಂದು ಅಕ್ಕ ಕೇಳಿದಾಗಲೆಲ್ಲ, ಒಡಹುಟ್ಟಿದವರಿಗೆ ವೀಸಾ ಕೊಡುವುದಿಲ್ಲ ಎಂದೇ ನಾನು ಹೇಳುತ್ತ ಬಂದಿದ್ದೆ. ಅದು ಸುಳ್ಳು. ಅವಳೂ ಬಂದರೆ ರಿಯಾದಿನ ನಮ್ಮ ಒಂದು ಕೋಣೆಯ ಮನೆ ಇಕ್ಕಟ್ಟಾಗುತ್ತದೆಂಬುದು ನಿಜವಾದ ಕಾರಣ.

ಫೋನಿನಲ್ಲಿ ಅಕ್ಕ, "ನಂಬರ್ ಇನ್ನೊಮ್ಮೆ ಹೇಳ್ತೇನೆ, ಸರಿಯಾಗಿ ಬರ್ಕೋ" ಎಂದಳು.

ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡ ಉಮ್ಮ ಈಗಿಲ್ಲ. ಅಕ್ಕ ಇದ್ದಾಳೆ. ಆ ದಿನದ ಮಾತನ್ನು ಅವಳು ಎತ್ತಿಲ್ಲ. ಮದೀನಾದ ಮಾತನ್ನೂ ಮತ್ತೆ ಎತ್ತಿಲ್ಲ.