ತೋಳಿಗೆ ಕಟ್ಟಿದ ಕಪ್ಪು ಬಟ್ಟೆ

ಲೆಸೊಥೊ ದೇಶದಲ್ಲಿ ನನ್ನ ಮೊದಲ ಸಂಜೆ ತರಗತಿಗೆ ಕಾಲಿಟ್ಟಾಗ ಅರ್ಧಕ್ಕರ್ಧ ಮಕ್ಕಳು ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕೂತಿದ್ದರು. ಬಂದ ದಿನವೇ ಮುಷ್ಕರವೇ! ಆದರೆ ಒಳಗೊಳಗೇ ಒಂದಿಷ್ಟು ಹುರುಪೂ ಬಂತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಊರಿನ ಕಾಲೇಜುಗಳಲ್ಲಿ ಪಾರ್ಟ್‌ಟೈಮ್ ಮೇಷ್ಟರಾಗಿ ಗಣಿತ ಹೇಳಿಕೊಂಡಿದ್ದವನು ನಾನು. ಬೆಳಿಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು, ನಡುವೆ ಬಸ್ಸಿನ ಫುಟ್‌ಬೋರ್ಡು. ಕೆಲಸ ಕಾಯಂ ಮಾಡಿ ಎಂದು ಕಪ್ಪು ಪಟ್ಟಿ ಕಟ್ಟಿಕೊಂಡು ತಾಲ್ಲೂಕು ಕಚೇರಿ ಮುಂದೆ ಕೂರದ ವರ್ಷವೇ ಇರಲಿಲ್ಲ. ಅದೇ ಅಭ್ಯಾಸದಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟು, “ನಿಮ್ಮ ಬೇಡಿಕೆ ಏನು ಹೇಳಿ. ನಾನೂ ನಿಮ್ಮ ಜೊತೆಗಿದ್ದೇನೆ” ಎಂದು ಇಂಗ್ಲಿಷಿನಲ್ಲಿ ಘೋಷಿಸಿಬಿಟ್ಟೆ.

ಮುಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಹೆಸರು ಲಿಂಪೊ ಎಂದು ಆಮೇಲೆ ತಿಳಿಯಿತು.

“ನ್ತಾತೆ, ಬೇಡಿಕೆ ಏನೂ ಇಲ್ಲ. ಇದು ನನ್ನ ಅಮ್ಮನಿಗೆ. ಇವನದು ಅವನ ಅಣ್ಣನಿಗೆ. ಅವಳದು ಅಪ್ಪ, ಅಮ್ಮ ಇಬ್ಬರಿಗೂ.”

ನ್ತಾತೆ ಅಂದರೆ ಅಪ್ಪ. ನಾವು ಗುರುತಿಲ್ಲದವರನ್ನೂ ಏನಪ್ಪ, ಬಾರಪ್ಪ ಅನ್ನುವುದಿಲ್ಲವೇ, ಹಾಗೇ. ತೋಳಿನ ಆ ಬಟ್ಟೆಗೆ ಥಾಪೊ ಎನ್ನುತ್ತಾರೆ. ಮನೆಯಲ್ಲಿ ಸಾವಾದರೆ ತಿಂಗಳುಗಟ್ಟಲೆ ಕಟ್ಟಿಕೊಂಡಿರಬೇಕು. ಕಟ್ಟಿದವರು ಕೂಗಾಡಬಾರದು, ಹೊತ್ತು ಮುಳುಗುವ ಮೊದಲು ಮನೆ ಸೇರಿಬಿಡಬೇಕು. ನಾನು ನಾಚಿಕೆಯಿಂದ ನೆಲ ನೋಡುತ್ತಾ ನಿಂತಾಗ, ತಪ್ಪಾಯ್ತು ಎನ್ನಲು ಅವರ ಮಾತಿನಲ್ಲಿ ಏನೆನ್ನಬೇಕೆಂದು ಲಿಂಪೊನೇ ಹೇಳಿಕೊಟ್ಟಳು: ನ್ತ್ಸ್ವರೆಲೆ. ಆ ದೇಶದಲ್ಲಿ ನಾನು ಕಲಿತ ಮೊದಲ ಮಾತು ಅದು. ಅಷ್ಟರಲ್ಲಿ ಕಿಟಕಿಯಾಚೆ ಬಿಸಿಲು ಬೆಟ್ಟದ ಹಿಂದೆ ಇಳಿಯತೊಡಗಿತ್ತು. ಕಪ್ಪು ಕಟ್ಟಿದವರೆಲ್ಲ ಪುಸ್ತಕ ಮಡಚಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಮುಷ್ಕರವಾಗಿದ್ದರೆ ಮಾತುಕತೆಗಾದರೂ ಕರೆಯಬಹುದಿತ್ತು.

ಪತ್ರಿಕೆಯ ಜಾಹೀರಾತು ನೋಡಿ ನಾನು ಅರ್ಜಿ ಹಾಕಿದಾಗ ನನ್ನ ಜೊತೆಯ ಪಾರ್ಟ್‌ಟೈಮ್ ಮೇಷ್ಟರು, ಉಯ್ಯಂಬಳ್ಳಿಯ ಶಿವಲಿಂಗ, “ಅದ್ಯಾವ್ ದೇಸ ಕಣ್ಲಾ? ನಮ್ಮೂರ್‌ಗಿಂತ ಆಚ್ಗೈತಾ?” ಎಂದು ಕೇಳಿದ್ದ. ಅವನೂರಿನಿಂದಾಚೆ ಕಾಡು ಬಿಟ್ಟರೆ ಏನೂ ಇಲ್ಲ ಎಂದು ನಾವು ಯಾವಾಗಲೂ ರೇಗಿಸುತ್ತಿದ್ದೆವು. ಲೆಸೊಥೊ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಬೆಟ್ಟದ ದೇಶ, ನಮ್ಮ ಒಂದೆರಡು ಜಿಲ್ಲೆ ಸೇರಿದರೆ ಅಷ್ಟು ಜನ. ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅಲ್ಲಿ ಹಿಮ ಬೀಳುತ್ತದೆ, ಗಂಡಸರು ಹೆಂಗಸರೆಲ್ಲ ಕಂಬಳಿ ಹೊದ್ದೇ ಪೇಟೆಗೆ ಬರುತ್ತಾರೆ. ನಾನು ಹಿಡಿದ ಬಾಡಿಗೆ ಕೋಣೆ ಒಂದು ಮಲೈನೆಯಲ್ಲಿತ್ತು. ಮಲೈನೆ ಅಂದರೆ ಸಾಲು ಕೋಣೆ, ಒಂದೇ ನಲ್ಲಿ, ನಲ್ಲಿಯ ಹತ್ತಿರ ಜಗಳ. ನಮ್ಮ ವಠಾರವೇ ಸರಿ. ಜಗಳ ಕೇಳಿಸಿದ ದಿನ ನನಗೆ ಊರಿನಲ್ಲಿದ್ದಂತೆ ಹಾಯೆನಿಸುತ್ತಿತ್ತು. ಸುಮ್ಮನಿದ್ದ ದಿನಗಳೇ ಹೆಚ್ಚು.

ಇನ್ನು ಕಾಲೇಜು. ಲೈಬ್ರರಿಯ ತುಂಬ ಹೊರದೇಶದವರು ದಾನ ಕೊಟ್ಟ ಪುಸ್ತಕ, ಒಂದೂ ಪಾಠಕ್ಕೆ ಆಗಿಬರದು. ಪ್ರಯೋಗಶಾಲೆಗೆ ಬೀಗ. ಚೆನ್ನಾಗಿ ಓದಿದ ಮೇಷ್ಟರುಗಳು ಗಡಿ ದಾಟಿ ಹೆಚ್ಚು ಸಂಬಳದ ಕಡೆಗೆ ಹೋಗಿದ್ದರು. ಉಳಿದವರಲ್ಲಿ ಕೆಲವರು ಕಾಯಿಲೆ ಬಿದ್ದಿದ್ದರು, ಕಾಯಿಲೆಯ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅವರ ಜಾಗಕ್ಕೆ ನನ್ನಂಥ ಪರದೇಶಿಗಳನ್ನು ತುಂಬಿದ್ದರು. ನಮ್ಮ ಕಡೆ ಓದಿದವರು ಜಾಸ್ತಿಯಾಗಿ ಮೇಷ್ಟರ ಕೆಲಸ ಸಿಗುವುದಿಲ್ಲ, ಅಲ್ಲಿ ಮೇಷ್ಟರೇ ಉಳಿಯುವುದಿಲ್ಲ. ಎರಡೂ ಕಡೆ ಕಪ್ಪು ಹಲಗೆಯ ಮುಂದೆ ನಿಂತವನು ಇವತ್ತಿದ್ದು ನಾಳೆ ಇಲ್ಲದವನೇ.

ಮಕ್ಕಳನ್ನು ನುಂಗುವುದರಲ್ಲಿ ಮಾತ್ರ ಎರಡು ಕಡೆಗೂ ವ್ಯತ್ಯಾಸ ಕಾಣಲಿಲ್ಲ. ಬಿಡದಿ, ರಾಮನಗರದ ಸುತ್ತ ಗಾರ್ಮೆಂಟ್ಸ್ ಎದ್ದ ಮೇಲೆ ಕಾಲೇಜಿನ ಗೇಟಿಗಿಂತ ಮುಂಚೆ ಕಂಪನಿ ಬಸ್ಸು ಸಿಗುತ್ತಿತ್ತು. ಸೆಕೆಂಡ್ ಪಿಯುಸಿಯ ಹುಡುಗಿಯರು ಅದಕ್ಕೇ ಹತ್ತಿಬಿಡುತ್ತಿದ್ದರು. ತಿಪ್ಪಸಂದ್ರದ ಒಬ್ಬಳನ್ನು ತಡೆದು ಕೇಳಿದ್ದಕ್ಕೆ, “ಓದಿರೋ ನಿಮ್ಗೇ ಕಾಯಂ ಆಗಿಲ್ವಲ್ಲ ಸಾರ್” ಎಂದು ಬಾಯಿ ಮುಚ್ಚಿಸಿದ್ದಳು. ಲೆಸೊಥೊದಲ್ಲೂ ಅಮೆರಿಕಕ್ಕೆ ಜೀನ್ಸ್ ಹೊಲಿಯುವ ಕಾರ್ಖಾನೆಗಳು ಸಾಲುಸಾಲಾಗಿ ಎದ್ದಿದ್ದವು. ಲಿಂಪೊ ಅಂಥದ್ದೊಂದರಲ್ಲಿ ಹಗಲೆಲ್ಲ ಜೇಬು ಹೊಲಿಯುತ್ತಿದ್ದಳು. ಬೆಟ್ಟದ ಮೇಲಿನ ಅವಳ ಹಳ್ಳಿಯ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟರೇ ಇರಲಿಲ್ಲ. ಡಿಪ್ಲೊಮಾ ಮುಗಿಸಿದರೆ ಆ ಕೆಲಸ ಅವಳಿಗೇ ಎಂದು ಹೆಡ್‌ಮಾಸ್ಟರು ಮಾತು ಕೊಟ್ಟಿದ್ದರಂತೆ. ಕಾರ್ಖಾನೆ ಬಿಡುವುದು ಐದಕ್ಕೆ, ಚಳಿಗಾಲದಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಮ್ಮಿ ಆಗಲೇ. ಅಮ್ಮನಿಗಾಗಿ ಕಪ್ಪು ಕಟ್ಟಿದ ಹುಡುಗಿ ಪಾಠ ಕೇಳುವುದು ಯಾವಾಗ? ತರಗತಿಯ ಹೊತ್ತನ್ನು ಬದಲಾಯಿಸಿ ಎಂದು ಪ್ರಿನ್ಸಿಪಾಲಮ್ಮನಲ್ಲಿ ಕೇಳಿದೆ. “ಕಾರ್ಖಾನೆಯವರು ನನ್ನ ಮಾತು ಕೇಳಲ್ಲ ನ್ತಾತೆ, ಸೂರ್ಯನೂ ಕೇಳಲ್ಲ” ಎಂದರು.

ಹಾಗಾಗಿ ಭಾನುವಾರ ಮಧ್ಯಾಹ್ನ ನಾನೇ ಅವಳ ಮನೆಗೆ ಹೊರಟೆ. ಪೇಟೆಯಂಚಿನ ಒಂದು ಕೋಣೆ, ಜೊತೆಗೆ ಅಜ್ಜಿ. ಅಂಗಳದ ಪೀಚ್ ಮರದ ಕೆಳಗೆ ಪಾಠ. ಮೊದಲ ದಿನ ಅಜ್ಜಿ ಪಾಪ ಮತ್ತು ಮೊರೊಹೊ ಬಡಿಸಿದಳು. ಮೊರೊಹೊ ಅಂದರೆ ಬೇಯಿಸಿದ ಸೊಪ್ಪು. ಪಾಪ ಅಂದರೆ ಮುಸುಕಿನ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಮುದ್ದೆ ಕಂಡ ಮಾಗಡಿಯವನಿಗೆ ಜೀವ ಬಂದಂತಾಯಿತು. ಮುರಿದು, ಸೊಪ್ಪಿಗೆ ಅದ್ದಿ, ಅಗಿಯದೆ ಗುಳುಂ ಎನ್ನಿಸಿದೆ. ಆ ಒಣ ಮುದ್ದೆ ಗಂಟಲಲ್ಲೇ ಕೂತುಬಿಟ್ಟಿತು. ಅಜ್ಜಿ ಬೆನ್ನಿಗೆ ಗುದ್ದಿ ಗುದ್ದಿ ಇಳಿಸಿದಳು. ಅಗಿಯಲೂ ಬಾರದವನು ಏನು ಪಾಠ ಹೇಳುತ್ತಾನೆ ಎಂದು ಮೊಮ್ಮಗಳನ್ನು ಕೇಳಿದಳಂತೆ. ಲಿಂಪೊ ಬಾಯಿ ಮುಚ್ಚಿಕೊಂಡು ನಕ್ಕಳು. ಕಪ್ಪು ಕಟ್ಟಿದವರು ಜೋರಾಗಿ ನಗಬಾರದು.

ವರ್ಷ ಕಳೆದು ಅಮ್ಮನ ಬಟ್ಟೆ ಅವಳ ತೋಳಿನಿಂದ ಇಳಿಯಿತು. ಒಂದೊಂದೇ ವಿಷಯ ಪಾಸು ಮಾಡುತ್ತಾ ಬಂದಳು. ಕೊನೆಗೆ ಒಂದೇ ಒಂದು ಪೇಪರು ಉಳಿಯಿತು. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ರಜೆ ಹಾಕಿದರೆ ಕಾರ್ಖಾನೆಯಲ್ಲಿ ಜಾಗ ಹೋಗುತ್ತದೆಂದು ಕೆಮ್ಮುತ್ತಲೇ ಜೇಬು ಹೊಲಿದಳು. ಸ್ವೆಟರಿನೊಳಗೆ ಅವಳ ತೋಳು ಬರಬರುತ್ತಾ ಕಡ್ಡಿಯಾಯಿತು. ಆಸ್ಪತ್ರೆಗೆ ಹೋಗಮ್ಮ ಎಂದು ನಾನು ಬೈದೆ, ಅಜ್ಜಿ ಬೈದಳು. ಪರೀಕ್ಷೆ ಮುಗಿಯಲಿ ನ್ತಾತೆ, ಎನ್ನುತ್ತಿದ್ದಳು. ಪರೀಕ್ಷೆಗೆ ಮುಂಚೆಯೇ ಅವಳು ಮುಗಿದಳು.

ನಮ್ಮಲ್ಲಿ ಸತ್ತ ದಿನವೇ ಮಣ್ಣು ಮಾಡುತ್ತೇವೆ. ಅಲ್ಲಿ ಶನಿವಾರದವರೆಗೆ ಕಾಯುತ್ತಾರೆ, ಕಾರ್ಖಾನೆಯವರೂ ಬರಬೇಕಲ್ಲ. ಆ ಶನಿವಾರ ಬೆಟ್ಟದ ಮೇಲಿನ ಅವಳ ಹಳ್ಳಿಯಲ್ಲಿ ಹಿಮ ಬಿದ್ದಿತ್ತು. ಗುದ್ದಲಿ ಹಿಡಿದು ನಾನೂ ಮಣ್ಣು ಎಳೆದೆ. ಮುಗಿದ ಮೇಲೆ ಅಜ್ಜಿ ಕಂಬಳಿಯೊಳಗಿಂದ ಕಪ್ಪು ಬಟ್ಟೆಯ ಒಂದು ತುಂಡು ತೆಗೆದು ನನ್ನ ತೋಳಿಗೆ ಸುತ್ತಿ ಪಿನ್ನು ಚುಚ್ಚಿದಳು. ಇದು ಮನೆಯವರಿಗಲ್ಲವೇ ಎಂದೆ. “ಅವಳನ್ನು ಬೈಯುವ ಗಂಡಸು ನೀನೊಬ್ಬನೇ ಇದ್ದದ್ದು” ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ.

ಡಿಸೆಂಬರಿನ ರಜೆಗೆ ಊರಿಗೆ ಬಂದೆ. ಥಾಪೊ ಇಳಿಸುವ ಹೊತ್ತು ಇನ್ನೂ ಆಗಿರಲಿಲ್ಲ. ರಾಮನಗರದಲ್ಲಿ ಬಸ್ಸಿಳಿದು ಹೊರಟರೆ ತಾಲ್ಲೂಕು ಕಚೇರಿ ಮುಂದೆ ಅದೇ ಶಾಮಿಯಾನ, ಅದೇ ಪಾರ್ಟ್‌ಟೈಮ್ ಮೇಷ್ಟರುಗಳು, ತೋಳಿಗೆ ಅದೇ ಕಪ್ಪು ಪಟ್ಟಿ. ಶಿವಲಿಂಗನ ತಲೆ ನರೆತಿತ್ತು. ನನ್ನನ್ನು ಕಂಡವನೇ ಓಡಿ ಬಂದ.

“ಏನ್ಲಾ, ಬಂದ್ಬುಟ್ಯಾ! ಪಟ್ಟೀನೂ ಕಟ್ಕಂಡೇ ಬಂದವ್ನೆ ನೋಡ್ರಲಾ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಹಿಡಿದೆಳೆದು ಜಮಖಾನದ ಮೇಲೆ ಕೂರಿಸಿಕೊಂಡರು. ಘೋಷಣೆ ಕೂಗುವಾಗ ನಾನು ಬಾಯಿ ಬಿಡಲಿಲ್ಲ. ಶಿವಲಿಂಗ ಮೊಣಕೈಯಿಂದ ತಿವಿದಾಗ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು. “ಎಲ್ಗಂಟ ಓದಿದ್ಲು?” ಎಂದ.

“ಒಂದ್ ಪೇಪರ್ ಉಳ್ಕಂಡಿತ್ತು ಕಣ್ಲಾ.”

“ಥೂ” ಎಂದು ಕಣ್ಣೊರೆಸಿಕೊಂಡ.

ಸಂಜೆ ಯಾರೋ ಅಧಿಕಾರಿ ಬಂದು ಮನವಿ ಪತ್ರ ಇಸಿದುಕೊಂಡು ಹೋದರು. ಮೇಷ್ಟರುಗಳು ಎದ್ದು ಮೈಮುರಿದು, ಪಟ್ಟಿ ಬಿಚ್ಚಿ ಒಂದು ರಟ್ಟಿನ ಡಬ್ಬಿಗೆ ಹಾಕತೊಡಗಿದರು. “ಇರ್ಲಿ, ಮುಂದ್ಲೊರ್ಷಕ್ಕಾಯ್ತವೆ” ಎಂದು ಯಾರೋ ನಗಾಡಿದರು. ಡಬ್ಬಿ ಹಿಡಿದಿದ್ದ ಶಿವಲಿಂಗ ನನ್ನ ಮುಂದೆ ಬಂದು ನಿಂತ.

“ನಾನೇ ಬಿಚ್ಚಂಗಿಲ್ಲ ಕಣ್ಲಾ. ಕಟ್ಟಿದ್ ಅಜ್ಜಿನೇ ಬಿಚ್ಬೇಕು” ಎಂದೆ.

“ಅಂಗಾದ್ರೆ ವಾಪಸ್ ಓಯ್ತೀಯ ಅನ್ನು.” ಡಬ್ಬಿ ಮುಚ್ಚಿದ. “ಬಾ, ಒಸಿ ಕಾಫಿನಾರ ಕುಡ್ಕೊಂಡ್ ಓಗು.”

ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು ಎಂದು ಹೇಳಿ ಮಾಗಡಿಯ ಬಸ್ಸಿಗೆ ಓಡಿದೆ. ಬಸ್ಸು ಗಾರ್ಮೆಂಟ್ಸ್ ಬಿಟ್ಟ ಹುಡುಗಿಯರಿಂದ ತುಂಬಿತ್ತು. ಮಾಗಡಿಯಲ್ಲಿ ಇಳಿದು ನಮ್ಮೂರು ಕಲ್ಯದ ಬಸ್ಸು ಹತ್ತುವಷ್ಟರಲ್ಲಿ ಸೂರ್ಯ ಮುಳುಗೇಬಿಟ್ಟ. ತೋಳಿನ ಬಟ್ಟೆಯ ಮೇಲೆ ಕೈ ಮುಚ್ಚಿಕೊಂಡೆ. ನ್ತ್ಸ್ವರೆಲೆ ಅಜ್ಜಿ, ನ್ತ್ಸ್ವರೆಲೆ ಎಂದು ಬಾಯಿ ತಾನಾಗಿ ಹೇಳತೊಡಗಿತು. ಕಂಡಕ್ಟರು ಬಾಗಿಲಲ್ಲಿ ನಿಂತು ನಮ್ಮೂರಿನ ಹೆಸರು ಕೂಗುತ್ತಿದ್ದ.